ರಟ್ಟಿನ ಮೇಲೆ ಹಸಿರು ಹನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಡಿಗೆ ಕಾರುಗಳ ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು, ಕಾರಿನಡಿಯಿಂದ ರಟ್ಟಿನ ಹಾಳೆಯೊಂದನ್ನು ಮೆಲ್ಲಗೆ ಎಳೆಯುತ್ತಾರೆ. ಬೀದಿದೀಪಕ್ಕೆ ಹಿಡಿದು ನೋಡುತ್ತಾರೆ. ರಟ್ಟು ಒಣಗಿದ್ದರೆ ಮುಂದಿನ ಕಾರು. ಕಲೆ ಬಿದ್ದಿದ್ದರೆ ಬಾನೆಟ್ ಎತ್ತುವುದು. ಕಪ್ಪು ಕಲೆಯಾದರೆ ಆಯಿಲ್, ಹಸಿರಾದರೆ ಇಂಜಿನ್ ತಣ್ಣಗಿಡುವ ಕೂಲೆಂಟ್. ಡ್ರೈವರುಗಳಿಗೆಲ್ಲ ಇವರು ರಟ್ಟಿನಕ್ಕ. ಜೊತೆಗೆ ಬಂದ ನಾನು ನಿಜವಾದ ಹೆಸರು ಕೇಳಿದರೆ, “ಅದನ್ನ ಹಿಡಿದು ಕರೆಯೋರು ಈಗ ಯಾರೂ ಇಲ್ಲ ಬಿಡಿ” ಎಂದು ನಗುತ್ತಾರೆ.

ಗುಜರಿಗೆ ಹೋದ ಕಾರಿನ ಗಟ್ಟಿ ಇಂಜಿನ್ ತಂದು ಬೇರೆ ಕಾರಿಗೆ ಕೂರಿಸುವುದರಲ್ಲಿ ಇವರ ಗಂಡನದು ಎತ್ತಿದ ಕೈ. “ಕೂರಿಸೋದು ಅವರ ಕೆಲಸ, ಕೂತದ್ದನ್ನ ನೋಡ್ಕೊಳ್ಳೋದು ನಂದು. ಇನ್ನೊಬ್ಬರ ಹತ್ರ ದುಡಿದು ಬಂದಿರೋ ಇಂಜಿನ್ನು. ಏನು ಅಭ್ಯಾಸ ಇತ್ತೋ ಯಾರಿಗೆ ಗೊತ್ತು? ಮೊದಲ ತಿಂಗಳು ಜೋರು ಮಾಡಬಾರ್ದು. ಆಯಿಲ್ ಬೇಗ ಬದಲಾಯಿಸ್ಬೇಕು. ಅಲುಗಾಡಿ ಅಲುಗಾಡಿ ಬೋಲ್ಟು, ಕ್ಲಿಪ್ಪು ಎಲ್ಲಾ ಸಡಿಲ ಆಗುತ್ತೆ, ಮತ್ತೆ ಬಿಗಿ ಮಾಡ್ಬೇಕು. ಕೂರಿಸಿದ ದಿನ ಎಲ್ಲರೂ ಸಿಹಿ ತಿಂತಾರೆ. ಆಮೇಲೆ ತಿರುಗಿ ನೋಡೋರು ಯಾರು ಹೇಳಿ?”

ಗಂಡ ತೀರಿಕೊಂಡು ಆರು ವರ್ಷ. ಅವರ ರಿಪೇರಿ ಶೆಡ್ಡು ಬೇರೆಯವರ ಕೈ ಸೇರಿದೆ. ಇವರ ಒಂದೇ ಕೋಣೆಯ ಮನೆಯಲ್ಲಿ ಗೋಡೆಯುದ್ದಕ್ಕೂ ಗಂಡನ ಸ್ಪ್ಯಾನರುಗಳು ತೂಗುತ್ತಿವೆ, ಒಂದಕ್ಕೂ ತುಕ್ಕಿಲ್ಲ. “ಮನೇಲಿ ಮಾತಾಡೋಕೆ ಯಾರಿದ್ದಾರೆ? ಸಂಜೆ ಕುಕ್ಕರ್ ಸ್ವಲ್ಪ ಕೂಗುತ್ತೆ, ಅಷ್ಟೇ” ಎನ್ನುತ್ತಾರೆ. ತಮಾಷೆಗೆ ಹೇಳಿದ ಮಾತು, ಆದರೆ ನನಗೆ ನಗು ಬರುವುದಿಲ್ಲ.

ಈಗಲೂ ದಿನಕ್ಕೆ ಹತ್ತು ಹನ್ನೆರಡು ಕಾರುಗಳ ಅಡಿಗೆ ರಾತ್ರಿ ರಟ್ಟು ಹಾಸಿ, ಬೆಳಿಗ್ಗೆ ತೆಗೆಯುತ್ತಾರೆ. ಗಂಡ ಕೂರಿಸಿದ ಇಂಜಿನ್ನುಗಳು ಒಂದೊಂದಾಗಿ ಗುಜರಿ ಸೇರಿ, ಸ್ಟ್ಯಾಂಡಿನಲ್ಲಿ ಉಳಿದಿರುವುದು ಒಂದೇ. ಆ ಬಿಳಿ ಕಾರಿನ ಯಜಮಾನ, ದಪ್ಪ ಕನ್ನಡಕದ ಹಿರಿಯ ಡ್ರೈವರ್, ಅದನ್ನೂ ಮಾರಲು ಹೊರಟಿದ್ದಾರೆ. ಕೊಳ್ಳುವವರು ದೂರದ ಊರಿನವರು, ಇವತ್ತೇ ಬರುತ್ತಾರೆ.

“ಬೇಜಾರು ಮಾಡ್ಕೋಬೇಡಿ ಅಕ್ಕ. ಎದುರಿಗೆ ಬರೋ ಗಾಡಿ ನನಗೆ ಎರಡೆರಡು ಕಾಣುತ್ತೆ.”

“ಹಾಗಾದ್ರೆ ಮಾರೋದೇ ಸರಿ. ಎರಡರಲ್ಲಿ ಯಾವುದಕ್ಕೆ ಅಂತ ದಾರಿ ಬಿಡ್ತೀರಿ?”

ಹೀಗೆನ್ನುತ್ತಲೇ ಬಿಳಿ ಕಾರಿನ ರಟ್ಟು ಎಳೆಯುತ್ತಾರೆ. ಇಷ್ಟು ವರ್ಷ ಒಣಗಿಯೇ ಇರುತ್ತಿದ್ದ ರಟ್ಟಿನ ಮೇಲೆ ಇವತ್ತು ಬಟ್ಟಲಗಲದ ಹಸಿರು ಕಲೆ. ಬಾನೆಟ್ ಎತ್ತಿ ಟಾರ್ಚ್ ಬಿಡುತ್ತಾರೆ. ರಬ್ಬರ್ ಪೈಪಿನ ಬಾಯಿಗೆ ಬಿಗಿದ ಕ್ಲಿಪ್ ಸಡಿಲವಾಗಿದೆ. ಅಲ್ಲಿ ಇನ್ನೊಂದು ಹನಿ ಕಟ್ಟುತ್ತಿದೆ.

“ಬಂದವರು ಇದನ್ನ ನೋಡಿದ್ರೆ ಬೇಡ ಅಂತಾರೆ. ಕಾರು ಇಲ್ಲೇ ಉಳಿಯುತ್ತೆ” ಎಂದು ನಾನು ತಡೆಯಲಾರದೆ ಹೇಳಿಬಿಡುತ್ತೇನೆ.

ಅವರ ಕೈ ನಿಲ್ಲುತ್ತದೆ. “ನನಗೂ ಹಾಗನ್ನಿಸಲಿಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಇಂಜಿನ್ ಕೂರಿಸಿದ್ದು ಯಾರು ಅಂತ ಅವರು ಕೇಳ್ತಾರೆ. ಸೋರೋದನ್ನ ತೋರಿಸಿ ನಮ್ಮನೆಯವರ ಹೆಸರು ಹೇಳ್ಲಾ?”

ಕ್ಲಿಪ್ ಬಿಗಿಯಾಗುತ್ತದೆ. ಕಡಿಮೆಯಾದಷ್ಟು ಕೂಲೆಂಟ್ ತುಂಬುತ್ತಾರೆ. ಇಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟು, ಅಡಿಗೆ ಹೊಸ ರಟ್ಟು ತಳ್ಳಿ, ಫುಟ್‌ಪಾತಿನ ಮೇಲೆ ಕೂತು ಅದರ ಸದ್ದು ಕೇಳುತ್ತಾರೆ. ಆ ಸದ್ದಿನಲ್ಲಿ ನನಗೆ ಕೇಳಿಸುವುದು ಬರೀ ಸದ್ದು. ಅವರಿಗೆ ಏನು ಕೇಳಿಸುತ್ತಿದೆಯೆಂದು ಕೇಳುವ ಧೈರ್ಯ ನನಗಾಗುವುದಿಲ್ಲ. ರಟ್ಟು ಒಣಗಿಯೇ ಹೊರಬರುತ್ತದೆ.

ಕೊಳ್ಳುವವರು ಬಂದು, ಒಂದು ಸುತ್ತು ಓಡಿಸಿ ನೋಡಿ ಒಪ್ಪುತ್ತಾರೆ. ಹೊರಡುವಾಗ ರಟ್ಟಿನಕ್ಕ ಆ ಒಣ ರಟ್ಟನ್ನೇ ಮಡಚಿ ಅವರ ಕೈಗಿಡುತ್ತಾರೆ. “ರಾತ್ರಿ ಅಡಿಗೆ ಹಾಕಿ, ಬೆಳಿಗ್ಗೆ ನೋಡಿ. ಒಂದು ಹನಿ ಬಿದ್ದಿದ್ರೂ ಫೋನ್ ಮಾಡಿ. ಎಷ್ಟು ದೂರ ಆದ್ರೂ ಬರ್ತೀನಿ.”

ಬಿಳಿ ಕಾರು ತಿರುವಿನಲ್ಲಿ ಮರೆಯಾಗುತ್ತದೆ. ಸದ್ದು ಪೂರ್ತಿ ಅಡಗುವವರೆಗೂ ಅವರು ನಿಂತೇ ಇರುತ್ತಾರೆ.

“ಫೋನ್ ಬರಬಾರ್ದು. ಬರಲಿಲ್ಲ ಅಂದ್ರೆ ನಮ್ಮನೆಯವರ ಕೆಲಸ ಗಟ್ಟಿ ಅಂತ” ಎನ್ನುತ್ತಾ ಕೈ ಒರೆಸಿಕೊಳ್ಳುತ್ತಾರೆ. ಫೋನ್ ತೆಗೆದು ನೋಡಿ, “ಆದ್ರೂ ಚಾರ್ಜು ಹಾಕೇ ಇಟ್ಟಿರ್ತೀನಿ” ಎನ್ನುತ್ತಾರೆ.