ಅರ್ಧ ಹಿಂಡಿದ ಮುಲಾಮು

ಅರ್ಧ ಹಿಂಡಿದ ಮುಲಾಮಿನ ಟ್ಯೂಬನ್ನು ಎಸೆದುಬಿಡುವ ಮನೆಯನ್ನು ನಾನು ಕಂಡಿಲ್ಲ. ನೀವು ಕಂಡಿದ್ದರೆ ಆ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮಲ್ಲಂತೂ ಅದು ಬಾಲದಿಂದ ಸುರುಳಿ ಸುತ್ತಿಕೊಳ್ಳುತ್ತ, ಕನ್ನಡಿಯ ಹಿಂದಿನ ಗೂಡಿನಲ್ಲಿ ದೀರ್ಘಾಯುಷಿಯಾಗಿ ಬಾಳುತ್ತದೆ. ಜ್ವರ ಇಳಿದ ದಿನವೇ ನುಂಗುವುದನ್ನು ನಿಲ್ಲಿಸಿ ಉಳಿಸಿದ ಗುಳಿಗೆಗಳು ಅದರ ನೆರೆಹೊರೆ. ಈ ಸಂಪತ್ತಿನ ಬಲದಿಂದ ನಾನು ಬ್ಯಾಡಗಿಯ ನಮ್ಮ ಓಣಿಯಲ್ಲಿ ವೃತ್ತಿಯಿಂದ ಕನ್ನಡ ಮಾಸ್ತರನೂ ಪ್ರವೃತ್ತಿಯಿಂದ ಧನ್ವಂತರಿಯೂ ಆಗಿದ್ದೆ. ಕೆಮ್ಮಿದವರಿಗೆ ಎರಡು ಗುಳಿಗೆ, ಕೆರೆದುಕೊಂಡವರಿಗೆ ಒಂದಿಷ್ಟು ಮುಲಾಮು. ಪುಕ್ಕಟೆಯಾದ್ದರಿಂದ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ.

ಓಣಿಗೆ ಮೊಬೈಲು ಆಗಷ್ಟೇ ಕಾಲಿಡುತ್ತಿದ್ದ ವರ್ಷಗಳವು. ನಮ್ಮ ಪಕ್ಕದ ಅಂಗಳದಲ್ಲಿ ಸುಗ್ಗಿಯುದ್ದಕ್ಕೂ ಹೆಣ್ಣುಮಕ್ಕಳು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೊರಗಿನವರು ಹೊಗಳುತ್ತಾರೆ. ಕೈಗೆ ಎಣ್ಣೆ ಸವರಿಕೊಂಡು ದಿನವಿಡೀ ಕೂತವರನ್ನು ಕೇಳಿದರೆ ಬೇರೆ ಉತ್ತರ ಸಿಕ್ಕೀತು. ಅವರಲ್ಲಿ ಗಂಗವ್ವನ ಕೈ ಎಲ್ಲರಿಗಿಂತ ಚುರುಕು. ಒಮ್ಮೆ ಆಕೆಯ ಬಲಗೈ ಹೆಬ್ಬೆರಳಿನ ಉಗುರಿನ ಬದಿ ಊದಿಕೊಂಡು ಉರಿಯತೊಡಗಿತು. ಅಲ್ಲಿ ಎಲ್ಲರ ಬೆರಳೂ ಕೆಂಪು, ಎಲ್ಲರ ಕೈಯೂ ಉರಿ. ಹಾಗಾಗಿ ಒಳಗೆ ಕೀವು ಕೂತಿದೆಯೆಂದು ಆಕೆಗೂ ಅನಿಸಲಿಲ್ಲ, ಜೊತೆಯವರಿಗೂ ಅನಿಸಲಿಲ್ಲ, ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಅಕ್ಷರದ ಮುಂದಿನ ಸೊನ್ನೆ ಬಿಟ್ಟದ್ದನ್ನು ಮಾರು ದೂರದಿಂದ ಪತ್ತೆಹಚ್ಚುವ ನನಗೂ ಹೊಳೆಯಲಿಲ್ಲ. ಖಾರದ ಉರಿ ಎಂದುಕೊಂಡು, ನನ್ನ ಕತ್ತಿನ ತುರಿಕೆಗೆಂದು ಎಂದೋ ತಂದಿದ್ದ ಮುಲಾಮನ್ನು ಕೊಟ್ಟೆ.

ಮರುದಿನವೇ ಉರಿ ಇಳಿಯಿತು, ಬಾವೂ ತಗ್ಗಿತು. ಆ ವಾರ ನಾನು ಎದೆ ಸೆಟೆಸಿಯೇ ಓಡಾಡಿದೆ. ವಾರ ಕಳೆಯುವಷ್ಟರಲ್ಲಿ ಹೆಬ್ಬೆರಳು ಕಪ್ಪಿಟ್ಟು, ಚಳಿಜ್ವರ ಹತ್ತಿ, ಆಕೆಯನ್ನು ಮಗಳು ಮಂಜವ್ವ ರಾಣೇಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ನಾನೂ ಜೊತೆಗೆ ಹೋದೆ. ಏನು ಹಚ್ಚಿದಿರಿ ಎಂದು ಡಾಕ್ಟರು ಕೇಳಿದಾಗ ಗಂಗವ್ವನ ಮನೆಯಿಂದ ತಂದಿದ್ದ ಟ್ಯೂಬನ್ನು ಜೇಬಿನಿಂದ ತೆಗೆದು ತೋರಿಸಿದೆ. ನಾನೆಂದೂ ಓದದ ಅದರ ಸಣ್ಣ ಅಕ್ಷರಗಳನ್ನು ಅವರು ಓದಿದರು, ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು: “ಇದು ಉರಿ, ಬಾವು ಅಡಗಸ್ತದರಿ ಮಾಸ್ತರ. ಒಳಗಿನ ಕೀವು ಮಾತ್ರ ಬೆಳೀಕೋತನ ಹೋಗ್ತದ. ಮೊದಲ ಬಂದಿದ್ರ ಕೀವು ತಗದು, ಗುಳಿಗಿ ಕೊಟ್ಟು ಕಳಸ್ತಿದ್ದೆ.”

ಹೆಬ್ಬೆರಳಿನ ಮೇಲಿನ ಗೆಣ್ಣನ್ನು ತೆಗೆಯಬೇಕಾಯಿತು. ಬಟ್ಟೆ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ ಗಂಗವ್ವ, ನಿಮ್ಮ ಮುಲಾಮಿನಿಂದ ನಾಲ್ಕು ದಿನವಾದರೂ ಕಣ್ತುಂಬ ನಿದ್ದೆ ಮಾಡಿದೆ ಎಂದು ನನ್ನ ಉಪಕಾರವನ್ನೇ ಸ್ಮರಿಸಿದಳು. ಆಗ ಹೇಳಬೇಕಿತ್ತು. ಗಾಯ ಮಾಯಲಿ ಎಂದುಕೊಂಡೆ. ಮಾಯ್ದ ಮೇಲೆ, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡೆ. ತರಗತಿಯಲ್ಲಿ ಸತ್ಯದ ಮಹಿಮೆಯ ಮೇಲೆ ಪ್ರಬಂಧ ಬರೆಸುವವನು ಒಂದು ವರ್ಷ ಹೀಗೆ ಬಾಯಿ ಮುಚ್ಚಿಕೊಂಡಿದ್ದೆ. ನಾಚಿಕೆಯಾಗುತ್ತಿತ್ತು, ಆದರೆ ನಾಚಿಕೆಗಿಂತ ಭಯ ಹೆಚ್ಚಾಗಿತ್ತು.

ಮರುಸುಗ್ಗಿಗೆ ಗಂಗವ್ವ ಮತ್ತೆ ಅಂಗಳಕ್ಕೆ ಬಂದಳು. ತೋರುಬೆರಳು ನಡುಬೆರಳುಗಳ ಸಂದಿಯಲ್ಲಿ ಕಾಯಿ ಹಿಡಿದು ತೊಟ್ಟು ಮುರಿಯುವುದನ್ನು ಹೊಸದಾಗಿ ಕಲಿಯುತ್ತಿದ್ದಳು. ಬೇರೆಯವರು ಎರಡು ಬುಟ್ಟಿ ಮುಗಿಸುವಾಗ ಆಕೆಯದು ಒಂದೂ ತುಂಬುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಂಜವ್ವನನ್ನು ಕರೆದುಕೊಂಡು ನಮ್ಮ ಕಟ್ಟೆಯ ಮೇಲೆ ಕೂತು, “ಇಕಿ ಬೆರಳಿಗೂ ಉರಿ ಹತ್ತೇತ್ರಿ. ಆ ಮುಲಾಮ ಇನ್ನೂ ಒಂಚೂರು ಐತೇನ್ರಿ?” ಎಂದು ಕೇಳಿದಳು.

ಡಾಕ್ಟರು ಹೇಳಿದ್ದಷ್ಟನ್ನೂ ಒಪ್ಪಿಸಿದೆ. ಆ ಮುಲಾಮಿನಿಂದಲೇ ನಿನ್ನ ಬೆರಳು ಹೋಯಿತು, ಅದು ನನಗೆ ಆ ದಿನವೇ ಗೊತ್ತಾಗಿತ್ತು ಎಂದೂ ಹೇಳಿದೆ. ಗಂಗವ್ವ ತನ್ನ ಮೋಟು ಹೆಬ್ಬೆರಳನ್ನು ನೋಡಿಕೊಂಡಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಕೆ ದನಿ ಏರಿಸಲಿಲ್ಲ.

“ನನ್ನ ಬೆರಳು ಹೋದ್ದು ಹೋತ್ರಿ. ಆವಾಗನ ಹೇಳಿದ್ರ ಈ ಓಣ್ಯಾಗ ಇನ್ನಿಬ್ಬರಿಗೆ ಇದ ಮುಲಾಮ ಅಂಗಡಿಯಿಂದ ತರಸ್ರಿ ಅಂತ ನಾ ಹೇಳ್ತಿದ್ದಿಲ್ರಿ, ಮಾಸ್ತರ್ರ.”

ಆ ಇಬ್ಬರ ಮನೆ ಯಾವುವೆಂದು ಕೇಳಿಕೊಂಡೆ. ತಾಯಿ ಮಗಳನ್ನು ರಾಣೇಬೆನ್ನೂರಿನ ಬಸ್ಸು ಹತ್ತಿಸಿ, ಆ ಮನೆಗಳಲ್ಲಿ ಅರ್ಧ ಹಿಂಡಿ ಇಟ್ಟಿರಬಹುದಾದ ಎರಡು ಟ್ಯೂಬುಗಳನ್ನು ಕೇಳಿ ತರಲು ಹೊರಟೆ.