ಅತ್ತೆ ಬಾಯಿ ಬಿಡಲಿಲ್ಲ

ಆ ಮರಿಯ ವಿಷಯದಲ್ಲಿ ನನ್ನ ಅತ್ತೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ತವರು ಸುರಪುರ. ಅಪ್ಪ ಅಲ್ಲಿ ಬಟ್ಟೆ ಹೊಲಿಯುತ್ತಿದ್ದ. ಕುರಿಗಳನ್ನು ನಾನು ಕಂಡಿದ್ದು ಬಸ್ಸಿಗೆ ಅಡ್ಡ ಬಂದಾಗ ಮಾತ್ರ. ಲಗ್ನವಾಗಿ ಬಂದದ್ದು ಯಾದಗಿರಿ ಹತ್ತಿರದ ಮುದನಾಳಕ್ಕೆ, ಅರವತ್ತು ಕುರಿಗಳ ಮನೆಗೆ. ಬೆಳಿಗ್ಗೆ ಹಿಂಡು ಮೇಯಲು ಹೋದರೆ ಎಳೆಯ ಮರಿಗಳು ಹಟ್ಟಿಯಲ್ಲೇ ಉಳಿಯುತ್ತಿದ್ದವು. ಸಂಜೆ ಹಿಂಡು ಬಂದಾಗ ಒಂದೊಂದು ಮರಿಯನ್ನೂ ಅದರದರ ತಾಯಿಗೆ ಬಿಡುವುದು ಅತ್ತೆಯ ಕೆಲಸ. ಆ ಧೂಳಿನಲ್ಲಿ, ಅಷ್ಟೂ ಕುರಿಗಳು ಒಟ್ಟಿಗೆ ಅರಚುವಾಗ, ಅವರು ಎತ್ತಿಬಿಟ್ಟ ಮರಿ ಒಮ್ಮೆಯೂ ಬೇರೆ ಕೆಚ್ಚಲಿಗೆ ಹೋಗುತ್ತಿರಲಿಲ್ಲ. ಮರಿಗಳ ತಾಯಿ ಗುರುತಿಸಿಕೊಡಿ ಅಂತ ಶಹಾಪುರದ ಕಡೆಯಿಂದಲೂ ಜನ ಅವರನ್ನು ಕೇಳಿಕೊಂಡು ಬರುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ಕಲಿಸಿ ಅಂದರೆ "ನೋಡ್ಕೊಂತ ಇರು" ಎಂಬ ಒಂದೇ ಮಾತು. ಏನನ್ನು ನೋಡಬೇಕು ಅಂತ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮೊದಲ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಹಟ್ಟಿಯಲ್ಲೇ ಒಂದು ಕುರಿ ಈಯಿತು. ಮರಿಯ ಮೈತುಂಬ ಲೋಳೆ, ಮಣ್ಣು. ಕೂಸಿಗೆ ಎರೆಯುವ ಹಾಗೆ ಬಿಸಿನೀರಿನಲ್ಲಿ ಸೋಪು ಹಚ್ಚಿ ತೊಳೆದು, ಹಳೆಯ ಸೀರೆಯಲ್ಲಿ ಒರೆಸಿ ತಾಯಿಯ ಮುಂದೆ ಬಿಟ್ಟೆ. ಅತ್ತೆ ಅಂಗಳದಲ್ಲೇ ಕುಳಿತು ಜೋಳ ಹಸನು ಮಾಡುತ್ತಿದ್ದರು. ನೀರು ಕಾಯಿಸಿದ್ದನ್ನು ನೋಡಿದರು, ಸೋಪು ತಂದದ್ದನ್ನೂ ನೋಡಿದರು. ಬಾಯಿ ಬಿಡಲಿಲ್ಲ.

ಕುರಿ ಮರಿಯನ್ನು ಮೂಸಿತು. ತನ್ನ ವಾಸನೆಯೇ ಇಲ್ಲ. ಹಿಂದೆ ಸರಿದು ಹಾಯ್ದು ಕೆಡವಿತು. ಆಗ ಎದ್ದು ಬಂದರು ಈ ಮಹಾತಾಯಿ. ಮರಿಯ ಬೆನ್ನಿಗೆ ಉಪ್ಪು ಸವರಿದರು. ಕುರಿ ಉಪ್ಪನ್ನು ನೆಕ್ಕಿ ಮತ್ತೆ ಹಾಯಿತು. ಅದರ ಹಾಲನ್ನೇ ಹಿಂಡಿ ಮರಿಯ ಮೈಗೆ ಹಚ್ಚಿದರೂ ಅಷ್ಟೇ. ಹಾಯ್ದ ಏಟಿಗೆ ಒಳಗೆ ಏನಾಗಿತ್ತೋ, ಮೂರನೇ ದಿನ ಮರಿ ನನ್ನ ಮಡಿಲಲ್ಲೇ ಸತ್ತಿತು.

"ಕಂಡೂ ಕಂಡೂ ಸುಮ್ನ ಕುಂತ್ರಲ್ರಿ ಅತ್ತಿ. ಒಂದ್ ಮಾತ್ ಹೇಳಬಾರದಿತ್ತೇನ್ರಿ?" ಎಂದು ಕೇಳಿದೆ.

"ನಂಗೂ ಯಾರೂ ಹೇಳಿಲ್ಲವ್ವ," ಅಂದರು. "ಇನ್ನ ಮ್ಯಾಲ ನಿನ್ನ ಕೈ ತಪ್ಪಂಗಿಲ್ಲ."

ತಪ್ಪಲಿಲ್ಲ, ನಿಜ. ಆ ಸಿಟ್ಟಿನಲ್ಲೇ ಹಗಲೆಲ್ಲ ಮರಿಗಳ ನಡುವೆ ಕೂತೆ. ಮುಖ ನೋಡಿದೆ, ಮೈ ಮೂಸಿದೆ, ಕೂಗಿಗೆ ಕಿವಿಗೊಟ್ಟೆ. ಮೂರು ವರ್ಷಕ್ಕೆ ಬರೀ ಕೂಗಿನ ಮೇಲೆ ಮರಿ ಯಾರದೆಂದು ಹೇಳುವಷ್ಟಾದೆ. ಈಗ ಜನ ನನ್ನನ್ನು ಕೇಳಿಕೊಂಡು ಬರುತ್ತಾರೆ. ಅವರು ಹೊಗಳಿದರೆ ನನಗೆ ರೇಗುತ್ತದೆ. ನಾನು ಕಲಿಯುವುದಕ್ಕೆ ಆ ಮರಿ ಯಾಕೆ ಸಾಯಬೇಕಿತ್ತು?

ಸೊಸೆ ಮನೆಗೆ ಬಂದಾಗ, ನಾನಂತೂ ಹಾಗೆ ಸುಮ್ಮನೆ ಕೂರುವವಳಲ್ಲ ಎಂದು ಹಟ ತೊಟ್ಟೆ. ಅವಳ ಕೈ ತಪ್ಪು ಮರಿಯ ಕಡೆ ಹೋಗುವ ಮೊದಲೇ, "ಅದಲ್ಲ, ಆ ಕರಿ ಮಾರಿದು" ಎಂದು ಕಪ್ಪು ಮುಖದ ಮರಿಯನ್ನು ತೋರಿಸಿ ಕೂಗುತ್ತಿದ್ದೆ. ಎಂಟು ವರ್ಷ ಹೀಗೇ ನಡೆಯಿತು. ಅವಳ ಕೈಯಲ್ಲಿ ಒಂದು ಮರಿಯೂ ಸಾಯಲಿಲ್ಲ. ಅತ್ತೆಗಿಂತ ನಾನೇ ವಾಸಿ ಎಂದು ಬೀಗುತ್ತಿದ್ದೆ.

ಮೊನ್ನೆ ಕಣ್ಣಿನ ಪೊರೆ ತೆಗೆಸಲು ಯಾದಗಿರಿಯ ಆಸ್ಪತ್ರೆಯಲ್ಲಿದ್ದೆ. ಸಂಜೆ ಸೊಸೆಯ ಫೋನು ಬಂತು.

"ಅತ್ತಿ, ಕುರಿ ಬಂದಾವ್ರಿ. ಯಾವ ಮರಿ ಯಾರದಂತ ತಿಳಿವಲ್ದು. ಮರಿ ಬಾಯಿ ಹತ್ರ ಫೋನ್ ಹಿಡೀತೀನಿ, ನೀವ ಹೇಳ್ರಿ."

ಇಪ್ಪತ್ತೆರಡು ಮರಿಗಳು ಒಂದಾದ ಮೇಲೊಂದು ಕಿವಿಯಲ್ಲಿ ಕೂಗಿದವು. ಎಲ್ಲವನ್ನೂ ಹೇಳಿದೆ. ಫೋನು ಇಟ್ಟ ಮೇಲೆ ಸಿಟ್ಟು ನೆತ್ತಿಗೇರಿತು. ಯಾರನ್ನು ಬೈಯಲಿ? ಎಂಟು ವರ್ಷದಲ್ಲಿ ನಾನು ಅವಳಿಗೆ ಕಲಿಸಿದ್ದು ನನ್ನನ್ನು ಕೇಳುವುದನ್ನು ಮಾತ್ರ.