ಗೆಲ್ಲುವ ತನಕ ಕಾಫಿ ಇಲ್ಲ

ಆಗಸ್ಟ್ ತಿಂಗಳಲ್ಲಿ ನಮ್ಮ ಟೀಮನ್ನು ಸೋಲಿಸುವವರು ಭೂಮಿಯ ಮೇಲೆ ಯಾರೂ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ ಒಬ್ಬಿಬ್ಬರು ಹುಟ್ಟಿಕೊಳ್ಳುತ್ತಾರೆ. ಅಕ್ಟೋಬರ್ ಹೊತ್ತಿಗೆ ರೆಫರಿಗಳೆಲ್ಲ ನಮ್ಮ ಮೇಲೆ ಕತ್ತಿ ಮಸೆಯುತ್ತಿದ್ದಾರೆಂಬುದು ನನಗೆ ಖಚಿತವಾಗುತ್ತದೆ. ನವೆಂಬರಿನ ಕೊನೆಯ ಶನಿವಾರ ಪಕ್ಕದೂರಿನ ಹಳದಿ ಅಂಗಿಯವರ ಕೈಯಲ್ಲಿ ಸೋಲುತ್ತೇವೆ. ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಷ್ಟರಲ್ಲಿ, ಮುಂದಿನ ವರ್ಷ ನಮ್ಮದೇ ಎಂದು ನನಗೆ ಅನ್ನಿಸತೊಡಗಿರುತ್ತದೆ.

ನಮ್ಮ ಟೀಮು ಎಂದರೆ ನಾನು ಎಂ.ಎಸ್. ಓದಿದ ದಕ್ಷಿಣ ಕೆರೊಲಿನಾದ ಕಾಲೇಜಿನ ಫುಟ್‌ಬಾಲ್ ಟೀಮು. ಹೆಸರು ಹೇಳುವುದಿಲ್ಲ. ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಫುಟ್‌ಬಾಲ್ ಎಂದರೂ ಇದು ಅಮೆರಿಕದ್ದು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದು, ಓಡುವವನ ಮೇಲೆ ಉಳಿದವರೆಲ್ಲ ಬೀಳುವುದು. ಲ್ಯಾಬು, ಲೈಬ್ರರಿ ಬಿಟ್ಟು ಬೇರೇನೂ ಕಾಣದ ನನ್ನನ್ನು ರೂಮ್‌ಮೇಟ್ ಒಂದು ಶನಿವಾರ ಸ್ಟೇಡಿಯಮ್ಮಿಗೆ ಎಳೆದುಕೊಂಡು ಹೋದಳು. ಊರಿಗೆ ಊರೇ ಹಸಿರು ಅಂಗಿ ತೊಟ್ಟು ಕೂಗುತ್ತಿತ್ತು. ನಾನೂ ಕೂಗಿದೆ. ಈ ದೇಶಕ್ಕೆ ಬಂದ ಮೇಲೆ ಅಷ್ಟು ಜೋರಾಗಿ ಬಾಯಿ ಬಿಟ್ಟದ್ದು ಅದೇ ಮೊದಲು. ಅಂದು ಹಿಡಿದ ಹುಚ್ಚು ಮುಂದೆ ವರ್ಜೀನಿಯಾದ ರೆಸ್ಟನ್ನಿನಲ್ಲಿ ಕೆಲಸ, ಮದುವೆ, ಮಗಳು, ಷಾರ್ಲಟ್‌ನ ಬ್ಯಾಲಂಟೈನ್ ಬಡಾವಣೆಯಲ್ಲಿ ಮನೆ, ಇವೆಲ್ಲ ಆದರೂ ಬಿಡಲಿಲ್ಲ. ಗಂಡ ಕ್ರಿಕೆಟ್ ಬಿಟ್ಟು ಬೇರೆ ಯಾವ ಆಟವನ್ನೂ ಆಟವೆಂದು ಒಪ್ಪುವವನಲ್ಲ.

ಕೋವಿಡ್ ಹಾವಳಿ ತಗ್ಗಿ ಸ್ಟೇಡಿಯಂಗಳು ಮತ್ತೆ ತುಂಬಿದ ವರ್ಷ ಹಳದಿಯವರ ಮೇಲಿನ ಆಟದ ದಿನ ನಾನು ತಪ್ಪು ಮಾಡಿದೆ. ಮೂರನೆಯ ಕ್ವಾರ್ಟರ್, ನಾವು ಮೂರು ಪಾಯಿಂಟ್ ಹಿಂದೆ. ಸೋಫಾದಿಂದ ಎದ್ದು ದೇವರ ಗೂಡಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿಯೇಬಿಟ್ಟೆ: "ಇವರನ್ನ ಸೋಲಿಸೋ ತನಕ ನಾನು ಕಾಫಿ ಮುಟ್ಟಲ್ಲ."

ನಮ್ಮ ಕಡೆ ಹೀಗೆ ಬಿಡುವ ಪದ್ಧತಿ ಇದೆ. ಕಾಶಿಗೆ ಹೋದವರು ಇಷ್ಟದ ತಿನಿಸೊಂದನ್ನು ಅಲ್ಲಿ ಬಿಟ್ಟು ಬರಬೇಕು. ಅಪ್ಪ ಜಾಣತನದಿಂದ ಹಾಗಲಕಾಯಿ ಬಿಟ್ಟು ಬಂದಿದ್ದರು. ಹುಟ್ಟಿದಾಗಿನಿಂದ ಅದನ್ನು ಅವರು ತಿಂದವರೇ ಅಲ್ಲ. ಅಮ್ಮ ಹಲಸಿನ ಹಣ್ಣು ಬಿಟ್ಟಳು. ಹಲಸಿನ ಹಣ್ಣೆಂದರೆ ಪ್ರಾಣ ಬಿಡುತ್ತಿದ್ದವಳು ಆಮೇಲೆ ಒಂದು ತೊಳೆಯನ್ನೂ ಬಾಯಿಗೆ ಹಾಕಲಿಲ್ಲ. ನಾನು ಅವಳ ಮಗಳು, ಬಿಟ್ಟರೆ ಕಾಫಿಯನ್ನೇ ಬಿಡಬೇಕು. ಹೆಚ್ಚೆಂದರೆ ಒಂದು ಗಂಟೆಯ ಮಾತು ಎಂದುಕೊಂಡಿದ್ದೆ.

ಆ ದಿನ ಸೋತೆವು. ಮರುವರ್ಷವೂ ಸೋತೆವು. ಅದರ ಮರುವರ್ಷದ ಸೋಲಿನ ಬಗ್ಗೆ ಮಾತಾಡಲು ನನಗೆ ಇಷ್ಟವಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಹಳದಿಯವರ ಕಾಲೇಜಿನಲ್ಲಿ ಓದಿದವನು. ಒಳ್ಳೆಯ ಮನುಷ್ಯ, ಆದರೆ ನವೆಂಬರಿನಲ್ಲಿ ಅಲ್ಲ. ಹರಕೆಯ ಸುದ್ದಿ ಅವನಿಗೆ ಹೇಗೋ ಗೊತ್ತಾಗಿ, ಪ್ರತಿ ಸೋಲಿನ ನಂತರದ ಸೋಮವಾರ ಬಿಸಿ ಬಿಸಿ ಕಾಫಿ ತಂದು ನನ್ನ ಕೀಬೋರ್ಡಿನ ಪಕ್ಕ ಇಟ್ಟು ಹೋಗುತ್ತಿದ್ದ. ಅದು ಆರುವ ತನಕ ಆ ವಾಸನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಅವನಿಗೆ ಏನೇನು ಶಾಪ ಹಾಕಿದ್ದೇನೆ ಎಂದು ಬರೆದರೆ ನನ್ನ ಸಂಸ್ಕಾರಕ್ಕೆ ಕುಂದು.

ಕನ್ನಡ ಸಂಘದ ಯುಗಾದಿಯಲ್ಲಿ ಇನ್ನೊಂದು ಫಜೀತಿ. ಊಟದ ಮೇಲೆ ಎಲ್ಲರ ಕೈಗೂ ಕಾಫಿ ಬಂತು, ನಾನು ಬೇಡ ಅಂದೆ. ಸಂಘದ ಹಿರಿಯ ಆಂಟಿಯೊಬ್ಬರು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದರು.

"ವಿಶೇಷ ಏನಾದ್ರೂ ಇದೆಯೇನಮ್ಮ?"

"ಇಲ್ಲ ಆಂಟಿ, ನಲವತ್ತೆರಡಾಯ್ತು ನಂಗೆ. ಹರಕೆ ಇದೆ, ಅದಕ್ಕೆ."

ಆಂಟಿ ದನಿ ತಗ್ಗಿಸಿದರು. "ಗ್ರೀನ್ ಕಾರ್ಡಿಗಾ?"

ಫುಟ್‌ಬಾಲಿಗೆ ಎನ್ನಲು ಬಾಯಿ ಬರಲಿಲ್ಲ. ತಲೆ ಅಲ್ಲಾಡಿಸಿದೆ, ಹೌದೂ ಅಲ್ಲ ಇಲ್ಲವೂ ಅಲ್ಲ ಎನ್ನುವ ಹಾಗೆ. ಮುಂದಿನ ಕಾರ್ಯಕ್ರಮದ ಹೊತ್ತಿಗೆ ನಮ್ಮ ಗ್ರೀನ್ ಕಾರ್ಡಿಗಾಗಿ ಷಾರ್ಲಟ್‌ನ ನಾಲ್ಕು ಮನೆಗಳಲ್ಲಿ ದೇವರಿಗೆ ದೀಪ ಹಚ್ಚುತ್ತಿದ್ದರು. ಅದು ಬಂದು ಎರಡು ವರ್ಷವಾಗಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಅಮ್ಮನಿಂದಲೂ ಮುಚ್ಚಿಟ್ಟಿದ್ದೆ. ಅವಳು ಮೈಸೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಮದುವೆಗೆ ಮೊದಲು ಮನೆಯಲ್ಲಿ ಬೆಳಗಿನ ಮೊದಲ ಡಿಕಾಕ್ಷನ್ ನಮ್ಮಿಬ್ಬರದು. ಉಳಿದವರು ಏಳುವ ಮುಂಚೆ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಕುಡಿಯುತ್ತಾ ಊರಿನವರ ಗುಣಗಾನ ಮಾಡುತ್ತಿದ್ದೆವು. ಇಲ್ಲಿಗೆ ಬಂದ ಮೇಲೆ ವಿಡಿಯೋ ಕಾಲಿನಲ್ಲೇ ಲೋಟ ಹಿಡಿದು ಕೂರುತ್ತಿದ್ದೆವು. ಹರಕೆಯಾದ ಮೇಲೆ ನನ್ನ ಲೋಟದಲ್ಲಿ ಟೀ ಇರುತ್ತಿತ್ತು. ಕ್ಯಾಮೆರಾದಲ್ಲಿ ವಾಸನೆ ಹೋಗುವುದಿಲ್ಲವಲ್ಲ.

ನಾಲ್ಕನೆಯ ವರ್ಷ ಜೂನ್ ಕೊನೆಗೆ ಅಮ್ಮ ಬಂದಳು, ಐದು ತಿಂಗಳಿಗೆ. ಎಪ್ಪತ್ತನಾಲ್ಕು ವಯಸ್ಸು, ಎರಡೂ ಮಂಡಿ ನೋವು. ಇದೇ ಕೊನೆಯ ಸಲ, ಇನ್ನು ನೀವೇ ಬರಬೇಕು ಎಂದು ಹೇಳಿಯೇ ಹೊರಟಿದ್ದಳು. ಸೂಟ್‌ಕೇಸಿನಲ್ಲಿ ಎರಡು ಕೆಜಿ ಕಾಫಿಪುಡಿ. ಮೊದಲ ದಿನ ಬೆಳಿಗ್ಗೆಯೇ ನೊರೆ ಬರಿಸಿ ಎರಡು ಲೋಟ ತಂದಳು. ನಾನು ನಿಜ ಹೇಳಿದೆ.

"ಚೆಂಡಾಟಕ್ಕೆ ಬಿಟ್ಯಾ?" ಎಂದಳು. ಎರಡನೆಯ ಸಲವೂ ಅದನ್ನೇ ಕೇಳಿದಳು.

"ತಪ್ಪಾಯ್ತು ಅಮ್ಮ. ಬಿಡು, ಈಗ ಕುಡೀತೀನಿ."

ಅವಳು ಲೋಟವನ್ನು ಹಿಂದಕ್ಕೆ ಎಳೆದುಕೊಂಡಳು. "ದೇವರ ಮುಂದೆ ಆಡಿದ ಮಾತು. ಮುರಿಯೋ ಹಾಗಿಲ್ಲ. ಗೆಲ್ಲಬೇಕು, ಅಷ್ಟೇ."

ಇಷ್ಟಕ್ಕೂ ಹಳದಿಯವರ ಮೇಲಿನ ಆಟ ನವೆಂಬರಿನ ಕೊನೆಯ ಶನಿವಾರ. ಅಮ್ಮನ ವಿಮಾನ ಅದಾದ ಎರಡನೆಯ ದಿನ, ಸೋಮವಾರ, ಅಟ್ಲಾಂಟಾದಿಂದ. ಗೆದ್ದರೆ ನಮ್ಮಿಬ್ಬರಿಗೆ ಒಟ್ಟಿಗೆ ಎರಡು ಬೆಳಗಿನ ಕಾಫಿ. ಸೋತರೆ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು, ಅಮ್ಮ ಅದನ್ನು ನನಗಿಂತ ಮೊದಲೇ ಹಾಕಿದ್ದಳು.

ಹೀಗಾಗಿ ಅವಳು ಟೀಮನ್ನು ಕೈಗೆತ್ತಿಕೊಂಡಳು. ಹತ್ತು ವರ್ಷದ ಮೊಮ್ಮಗಳು ಮೇಷ್ಟರಾದಳು. "ಅಜ್ಜಿ, ಫೋರ್ ಚಾನ್ಸ್ ಇದೆ. ಟೆನ್ ಯಾರ್ಡ್ಸ್ ಹೋಗ್ಬೇಕು. ದಟ್ಸ್ ಇಟ್." ಅಜ್ಜಿಗೆ ನಿಯಮಗಳಿಗಿಂತ ಹುಡುಗರು ಮುಖ್ಯ. ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು, ಎಡಚ. ಅವನು ಊಟ ಸರಿಯಾಗಿ ಮಾಡುತ್ತಿಲ್ಲ ಎಂಬುದು ಅವಳ ದೃಢವಾದ ಅಭಿಪ್ರಾಯ. ಅಕ್ಟೋಬರಿನಲ್ಲಿ ಅವನ ಭುಜಕ್ಕೆ ಪೆಟ್ಟಾದಾಗ ಟೀವಿಯ ಮುಂದೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರ್ಮ್ ಬಡಿದುಕೊಂಡು ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಮುಂದಿನ ವಾರ ಹುಡುಗ ಆಡಿದ. ಅಲ್ಲಿಂದ ನಿವಾಳಿಸುವುದರ ಬಗ್ಗೆ ನನ್ನ ಗಂಡ ತಮಾಷೆ ಮಾಡಲಿಲ್ಲ.

ಆಟದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಶುರು. ಅಮ್ಮ ಕ್ಯಾಲೆಂಡರ್ ನೋಡಿ ಮುಖ ಸಣ್ಣ ಮಾಡಿದಳು. "ಶನಿವಾರ ಒಂದೂವರೆಯಿಂದ ಮೂರು ಯಮಗಂಡ. ದ್ವಿತೀಯಾರ್ಧ ಪೂರ್ತಿ ಅದರಲ್ಲೇ ಬರತ್ತೆ."

"ಅತ್ತೆ, ಆ ಕಡೆಯವರಿಗೂ ಅದೇ ಯಮಗಂಡ ತಾನೆ?" ಎಂದ ನನ್ನ ಗಂಡ.

"ಅವರು ನಂಬಲ್ಲ, ಅವರಿಗೆ ತಟ್ಟಲ್ಲ," ಎಂದಳು ಅಮ್ಮ.

ಆಟ ಚೆನ್ನಾಗಿಯೇ ನಡೆಯಿತು, ಅದೇ ಕಷ್ಟ. ಕೆಟ್ಟದಾಗಿ ಸೋತರೆ ಬೇಗ ಎದ್ದು ಪಾತ್ರೆಯಾದರೂ ತೊಳೆಯಬಹುದು. ಕೊನೆಯ ಮೂರು ಸೆಕೆಂಡ್ ಉಳಿದಿದ್ದಾಗ ನಾವು ಒಂದೇ ಒಂದು ಪಾಯಿಂಟ್ ಹಿಂದೆ ಇದ್ದೆವು. ಎರಡು ಕಂಬಗಳ ನಡುವೆ ಚೆಂಡು ಒದ್ದರೆ ಮೂರು ಪಾಯಿಂಟ್ ಬರುತ್ತದೆ, ಗೆಲುವು ನಮ್ಮದು. ಅಮ್ಮ ನನ್ನ ಕೈ ಹಿಡಿದುಕೊಂಡಳು. ಒದೆಯುವ ಕೆಲಸದ ಹುಡುಗ ಓಡಿ ಬಂದು ಒದ್ದ. ಚೆಂಡು ಬಲಗಡೆಯ ಕಂಬಕ್ಕೆ ಬಡಿದು ವಾಪಸ್ಸು ಅಂಗಳಕ್ಕೆ ಬಿತ್ತು.



"ಕಂಬಕ್ಕೆ ತಾಗಿದ್ದಕ್ಕೆ ಒಂದಾದ್ರೂ ಕೊಡಬಾರದಾ?" ಎಂದಳು ಅಮ್ಮ.

ನನ್ನ ಬಾಯಿ ಅಭ್ಯಾಸಬಲದಿಂದ ತಾನಾಗಿಯೇ ಶುರುವಾಯಿತು. "ಮುಂದಿನ ವರ್ಷ ನಮ್ಮದೇ ಅಮ್ಮ. ಎಡಚನಿಗೆ ಇದು ಎರಡನೇ ವರ್ಷ, ಇನ್ನೂ ಎರಡು ವರ್ಷ ಇರ್ತಾನೆ. ಅವರ ಎಸೆಯೋನು ಓದು ಮುಗಿಸಿ ಹೋಗ್ತಿದಾನೆ. ನಮಗೆ ಜಾರ್ಜಿಯಾದಿಂದ ಮೂರು ಜನ ದಾಂಡಿಗರು ಬರ್ತಿದಾರೆ, ಬಾಗಿಲಲ್ಲಿ ನೇರವಾಗಿ ತೂರಲ್ಲ ಅವರು." ಹೊಸ ಕೋಚು, ಹೊಸ ಪ್ಲಾನು, ಒದೆಯುವವನ ತಮ್ಮ, ಎಲ್ಲ ಹೇಳಿದೆ. ಅಮ್ಮ ಡಾಕ್ಟರ್ ಮಾತು ಕೇಳುವ ಹಾಗೆ ಕೇಳಿಸಿಕೊಂಡಳು.

ಭಾನುವಾರ ಪ್ಯಾಕಿಂಗಿನಲ್ಲಿ ಕಳೆಯಿತು. ನನಗೆ ಟೀಮಿನ ಮೇಲೆ ಸಿಟ್ಟು, ಕಂಬದ ಮೇಲೆ ಸಿಟ್ಟು, ಎಲ್ಲಕ್ಕಿಂತ ನನ್ನ ಬಾಯಿಯ ಮೇಲೆ ಸಿಟ್ಟು. ಐದು ತಿಂಗಳು ಅಮ್ಮ ನನ್ನ ಎದುರಿಗೆ ಒಬ್ಬಳೇ ಕಾಫಿ ಕುಡಿದಿದ್ದಳು. ಟೀವಿಯಲ್ಲಿ ಯಾರೋ ಹುಡುಗರು ಚೆಂಡು ಹಿಡಿದು ಓಡುತ್ತಿದ್ದರು ಎಂಬ ಕಾರಣಕ್ಕೆ.

ಸೋಮವಾರ ಎಂಟಕ್ಕೆ ಹೊರಡಬೇಕಿತ್ತು. ಆರೂವರೆಗೆ ಅಡುಗೆಮನೆಗೆ ಬಂದಾಗ ಅಮ್ಮನ ಸ್ನಾನ ಪೂಜೆ ಮುಗಿದಿತ್ತು. ಕಟ್ಟೆಯ ಮೇಲೆ ಎರಡು ಲೋಟ ಕಾಫಿ ಇತ್ತು.

"ತಗೋ," ಎಂದಳು.

"ಮುರಿಯೋ ಹಾಗಿಲ್ಲ ಅಂತ ನೀನೇ ತಾನೆ ಹೇಳಿದ್ದು?"

"ಮುರೀತಿಲ್ಲ. ಬೆಳಿಗ್ಗೆ ದೇವರ ಮುಂದೆ ಹೇಳ್ಕೊಂಡೆ, ನಿನ್ನ ಹರಕೆ ನಾನು ತಗೊಂಡಿದೀನಿ. ಇದು ನನ್ನ ಕೊನೇ ಲೋಟ. ಇನ್ನು ಅವರು ಗೆಲ್ಲೋ ತನಕ ನಾನು ಮುಟ್ಟಲ್ಲ."

"ನಿಂಗೇನು ತಲೆ ಕೆಟ್ಟಿದೆಯಾ ಅಮ್ಮ? ಈ ವಯಸ್ಸಲ್ಲಿ ಕಾಫಿ ಬಿಡ್ತಾರಾ? ತಲೆನೋವು ಬರತ್ತೆ."

"ನಿಂಗೆ ಬರಲಿಲ್ವಾ?"

"ಅವರು ಗೆಲ್ಲದೇ ಹೋದ್ರೆ?"

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಇಪ್ಪತ್ತು ವರ್ಷದಲ್ಲಿ, ಎಂತೆಂಥ ಸೋಲಿನ ಮೇಲೂ, ನಾನು ಅದನ್ನು ಅಂದವಳಲ್ಲ.

ಅಮ್ಮ ನನ್ನ ಮುಖವನ್ನೇ ನೋಡಿದಳು, ಇವಳಿಗೆ ಏನಾಯಿತು ಎನ್ನುವ ಹಾಗೆ. "ಮುಂದಿನ ವರ್ಷ ನಮ್ಮದೇ ಅಂತ ಶನಿವಾರ ಅಷ್ಟು ಹೊತ್ತು ಹೇಳಿದ್ಯಲ್ಲ. ನಾನು ನಂಬಿದೀನಿ. ಕುಡಿ, ಆರಿ ಹೋಗತ್ತೆ."

ಕಟ್ಟೆಗೆ ಒರಗಿ ಕುಡಿದೆ. ಮೂರು ವರ್ಷ ಕಾದು ಕುಡಿದ ಕಾಫಿಯ ರುಚಿ ಹೇಗಿತ್ತೆಂದು ಕೇಳಿದರೆ ನನಗೆ ನೆನಪಿಲ್ಲ. ಅಮ್ಮ ತನ್ನ ಲೋಟವನ್ನು ನಿಧಾನವಾಗಿ ಖಾಲಿ ಮಾಡಿ, ತೊಳೆದು, ಬೋರಲು ಹಾಕಿದ್ದು ನೆನಪಿದೆ.